ಮಂತ್ರಿಯ ಹೆಸರೆತ್ತದೆ ಗೆದ್ದ ‘ಫ್ಲಾಪ್ ಶೋ’: ಜಸ್ಪಾಲ್ ಭಟ್ಟಿ ಹಾಸ್ಯ ಇಂದಿಗೂ ಹಳಸಿಲ್ಲ ಏಕೆ?

ಹತ್ತೇ ಹತ್ತು ಕಂತು. ದೊಡ್ಡ ತಾರೆಯರಿಲ್ಲ, ದುಬಾರಿ ಸೆಟ್ ಇಲ್ಲ. ಹೆಸರಿನಲ್ಲೇ ಸೋಲು. ಆದರೂ 1989ರಲ್ಲಿ ದೂರದರ್ಶನದಲ್ಲಿ ಬಂದ ‘ಫ್ಲಾಪ್ ಶೋ’ವನ್ನು ಜನ ಇಂದಿಗೂ ಯೂಟ್ಯೂಬ್‌ನಲ್ಲಿ ಹುಡುಕಿ ನೋಡುತ್ತಾರೆ. ಆಗ ಹುಟ್ಟಿಯೇ ಇರದ ಹುಡುಗರು ಅದರ ತುಣುಕುಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಿಕೊಳ್ಳುತ್ತಾರೆ. ನಮ್ಮ ತಲೆಮಾರಿನ ಬಹುತೇಕರು ಜಸ್ಪಾಲ್ ಭಟ್ಟಿ ಅವರನ್ನು ಮೊದಲು ನೋಡಿದ್ದು ಟಿವಿಯಲ್ಲಲ್ಲ, ಮೊಬೈಲ್ ಪರದೆಯ ಮೇಲೆ.

ಇದರಲ್ಲಿ ಒಂದು ವಿಚಿತ್ರವಿದೆ. ರಾಜಕೀಯ ಹಾಸ್ಯಕ್ಕೆ ಆಯಸ್ಸು ಕಡಿಮೆ. ಕಳೆದ ವರ್ಷದ ಚುನಾವಣೆಯ ಜೋಕ್ ಈ ವರ್ಷ ಯಾರಿಗೂ ನೆನಪಿರುವುದಿಲ್ಲ. ಹಾಗಿರುವಾಗ ಲಂಚ, ಸರ್ಕಾರಿ ಕಚೇರಿ, ಗುತ್ತಿಗೆದಾರರ ಬಗ್ಗೆಯೇ ಮಾತನಾಡಿದ ಈ ಸರ್ದಾರ್‌ಜಿಯ ಹಾಸ್ಯ ಮೂರು ದಶಕ ದಾಟಿಯೂ ಹೇಗೆ ಉಳಿಯಿತು? ಉತ್ತರ ಅವರ ಬದುಕಿನ ಕಥೆಯಲ್ಲೇ ಇದೆ.

ಕರೆಂಟ್ ಎಂಜಿನಿಯರ್, ಕೈಯಲ್ಲಿ ಕಾರ್ಟೂನ್

ಜಸ್ಪಾಲ್ ಸಿಂಗ್ ಭಟ್ಟಿ ಹುಟ್ಟಿದ್ದು 1955ರ ಮಾರ್ಚ್ 3ರಂದು, ಅಮೃತಸರದಲ್ಲಿ. ಓದಿದ್ದು ಚಂಡೀಗಢದ ಪಂಜಾಬ್ ಎಂಜಿನಿಯರಿಂಗ್ ಕಾಲೇಜಿನಲ್ಲಿ. ವಿಷಯ ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ಮನೆಯವರ ಲೆಕ್ಕದಲ್ಲಿ ಅದು ಭದ್ರ ಬದುಕಿನ ದಾರಿ. ಆದರೆ ಹುಡುಗನ ಮನಸ್ಸು ತಂತಿ, ಟ್ರಾನ್ಸ್‌ಫಾರ್ಮರ್‌ಗಳಲ್ಲಿ ನಿಲ್ಲಲಿಲ್ಲ.

ಕಾಲೇಜಿನಲ್ಲಿ ಗೆಳೆಯರ ಜೊತೆ ಅವರು ಕಟ್ಟಿದ ಕೂಟದ ಹೆಸರು ‘ನಾನ್‌ಸೆನ್ಸ್ ಕ್ಲಬ್’. ಅದರ ಕೆಲಸ ಬೀದಿ ನಾಟಕ. ಹಾದಿಬೀದಿಯಲ್ಲಿ ನಿಂತು ಭ್ರಷ್ಟಾಚಾರ, ಬೆಲೆ ಏರಿಕೆ, ಅಧಿಕಾರಿಗಳ ದರ್ಬಾರನ್ನು ಗೇಲಿ ಮಾಡುವುದು. ಟಿಕೆಟ್ ಇಲ್ಲ, ವೇದಿಕೆ ಇಲ್ಲ. ದಾರಿಹೋಕ ನಿಂತು ನಕ್ಕರೆ ಗೆದ್ದಂತೆ, ನಗದೆ ಮುಂದೆ ಹೋದರೆ ಸೋತಂತೆ. ಹಾಸ್ಯದ ಪಾಠಕ್ಕೆ ಇದಕ್ಕಿಂತ ಕಠಿಣ ಶಾಲೆ ಸಿಗುವುದು ಕಷ್ಟ.

ಮುಂದೆ ಅವರು ಚಂಡೀಗಢದ ‘ದಿ ಟ್ರಿಬ್ಯೂನ್’ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆದರು. ಇದು ಮುಖ್ಯವಾದ ಸಂಗತಿ. ದಿನಪತ್ರಿಕೆಯ ವ್ಯಂಗ್ಯಚಿತ್ರಕಾರನಿಗೆ ಅಂದಂದಿನ ಸುದ್ದಿಯೇ ಅನ್ನ. ಬೆಳಗ್ಗೆ ಅಚ್ಚಾದ ಚಿತ್ರ ಸಂಜೆಗೆ ಕಡಲೆಕಾಯಿ ಪೊಟ್ಟಣ ಆಗುತ್ತದೆ. ಯಾವ ನಗು ಸಂಜೆಯವರೆಗೆ ಬಾಳುತ್ತದೆ, ಯಾವುದು ಅದನ್ನೂ ದಾಟಿ ನಿಲ್ಲುತ್ತದೆ ಎಂಬ ಅಂದಾಜು ಸಿಗಲು ಆ ಕೆಲಸಕ್ಕಿಂತ ಒಳ್ಳೆಯ ಜಾಗವಿಲ್ಲ.

ಕೆಲವೇ ನಿಮಿಷದ ‘ಉಲ್ಟಾ ಪುಲ್ಟಾ’

1980ರ ದಶಕದ ಕೊನೆಯಲ್ಲಿ ದೂರದರ್ಶನ ಬೆಳಗಿನ ಪ್ರಸಾರ ಶುರು ಮಾಡಿತ್ತು. ಅದರ ನಡುವೆ ಕೆಲವೇ ನಿಮಿಷಗಳ ಒಂದು ಹಾಸ್ಯ ತುಣುಕು ಬರುತ್ತಿತ್ತು. ಅದೇ ‘ಉಲ್ಟಾ ಪುಲ್ಟಾ’. ಪೇಟ ಕಟ್ಟಿದ, ಗಡ್ಡಬಿಟ್ಟ ಒಬ್ಬ ವ್ಯಕ್ತಿ ಮುಖದಲ್ಲಿ ನಗುವಿನ ಸುಳಿವೇ ಇಲ್ಲದೆ ಮಾತನಾಡುತ್ತಿದ್ದ. ಲೋಕದ ಓರೆಕೋರೆಗಳನ್ನು ಅವು ತೀರಾ ಸಹಜ ಎಂಬಂತೆ ವಿವರಿಸುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು.

ಆ ಕಾಲದ ಪಂಜಾಬ್ ಹೇಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. 1984ರ ಗಾಯ ಮಾಸಿರಲಿಲ್ಲ. ಉಗ್ರವಾದ ಉತ್ತುಂಗದಲ್ಲಿತ್ತು. 1987ರಿಂದ 1992ರವರೆಗೆ ರಾಜ್ಯದಲ್ಲಿ ರಾಷ್ಟ್ರಪತಿ ಆಡಳಿತ. ದೇಶದ ಉಳಿದೆಡೆ ಪೇಟದ ಬಗ್ಗೆ ಒಂದೋ ಅನುಮಾನ, ಇಲ್ಲವೇ ಸರ್ದಾರ್‌ಜಿ ಜೋಕುಗಳ ಅಗ್ಗದ ಗೇಲಿ. ಅಂಥ ಹೊತ್ತಿನಲ್ಲಿ ಚಂಡೀಗಢದ ಒಬ್ಬ ಸಿಖ್ ವ್ಯಕ್ತಿ ದೇಶದ ಮನೆಮನೆಯ ಟಿವಿಗೆ ಬಂದು, ತಾನು ನಗೆಪಾಟಲಾಗದೆ ವ್ಯವಸ್ಥೆಯನ್ನು ನಗೆಪಾಟಲು ಮಾಡಿದ್ದು ಸಣ್ಣ ಮಾತಲ್ಲ. ಆತ ಯಾವ ಪಕ್ಷದ ಪರವಾಗಿಯೂ ಭಾಷಣ ಮಾಡಲಿಲ್ಲ. ನೀವು ನಿಂತಿರುವ ಕ್ಯೂನಲ್ಲೇ ನಾನೂ ನಿಂತಿದ್ದೇನೆ ಎಂಬಷ್ಟನ್ನು ತೋರಿಸಿಕೊಟ್ಟ. ಅಷ್ಟು ಸಾಕಾಯಿತು.

ಸೋಲಿನ ಹೆಸರಿಟ್ಟುಕೊಂಡ ಗೆಲುವು

ನಂತರ ಬಂದಿದ್ದೇ ‘ಫ್ಲಾಪ್ ಶೋ’. ನಿರ್ಮಾಪಕಿ ಪತ್ನಿ ಸವಿತಾ ಭಟ್ಟಿ. ತೆರೆಯ ಮೇಲೂ ಬಹುತೇಕ ಪತ್ನಿಯ ಪಾತ್ರ ಅವರದೇ. ಜೊತೆಗೆ ವಿವೇಕ್ ಶೌಕ್. ಮುಂದೆ ‘ಗದರ್’ ಚಿತ್ರದಲ್ಲಿ ಸನ್ನಿ ಡಿಯೋಲ್ ಗೆಳೆಯನಾಗಿ ದೇಶಕ್ಕೆಲ್ಲ ಪರಿಚಿತರಾದವರು ಇವರೇ. 2011ರಲ್ಲಿ ಅವರೂ ತೀರಿಕೊಂಡರು.

ಟೈಟಲ್ ಕಾರ್ಡ್‌ನಿಂದಲೇ ತಮಾಷೆ ಶುರು. ನಿರ್ದೇಶನ ಎಂದು ಬರೆಯಬೇಕಾದ ಕಡೆ ತಪ್ಪು ನಿರ್ದೇಶನ ಎಂಬರ್ಥದ ಪದ ಹಾಕಿಕೊಂಡು, ಭಟ್ಟಿ ತಮ್ಮ ಕಾಲನ್ನು ತಾವೇ ಎಳೆದುಕೊಂಡರು. ಪ್ರತಿ ಕಂತನ್ನೂ ಯಾರಿಗೆ ಚಾಟಿ ಬೀಸಲಿದೆಯೋ ಅವರಿಗೇ ಗೌರವದಿಂದ ಅರ್ಪಿಸುತ್ತಿದ್ದರು. ಕೊನೆಯಲ್ಲಿ ಜನಪ್ರಿಯ ಹಿಂದಿ ಚಿತ್ರಗೀತೆಯ ಧಾಟಿಗೆ ಅಣಕು ಸಾಹಿತ್ಯ ಕೂರಿಸಿ ಹಾಡು.

ಕಂತುಗಳ ವಿಷಯ ನೋಡಿ. ಆರೋಗ್ಯವಾಗಿರುವವರೇ ಸುಳ್ಳು ವೈದ್ಯಕೀಯ ಬಿಲ್ ಕೊಟ್ಟು ಕಚೇರಿಯಿಂದ ದುಡ್ಡು ವಸೂಲಿ ಮಾಡುವುದು. ಪಿಎಚ್‌ಡಿ ವಿದ್ಯಾರ್ಥಿಯನ್ನು ಮನೆಗೆಲಸಕ್ಕೆ ಬಳಸಿಕೊಳ್ಳುವ ಗೈಡ್. ಸಿಮೆಂಟ್ ಉಳಿಸಿ ಕಟ್ಟಡ ಕಟ್ಟುವ ಕಂಟ್ರಾಕ್ಟರ್. ಸೈಟ್ ಬ್ರೋಕರ್‌ಗಳು. ಡಾಕ್ಟರ್‌ಗಳು. ಮುಖ್ಯ ಅತಿಥಿಯ ಸುತ್ತ ಗಿರಕಿ ಹೊಡೆಯುವ ಸಮಾರಂಭ. ಮೀಟಿಂಗ್ ಹೆಸರಿನಲ್ಲಿ ಕಳೆದುಹೋಗುವ ಸರ್ಕಾರಿ ದಿನ. ಕೆಟ್ಟು ಕೂತ ಟೆಲಿಫೋನ್. ಟಿವಿ ಧಾರಾವಾಹಿ ಮಾಡಲು ಹೊರಟವನ ಪಾಡು.

ಇದರಲ್ಲಿ ಇಲ್ಲದಿರುವುದು ಏನು ಗೊತ್ತೇ? 1989ರ ರಾಜಕೀಯ. ಆ ವರ್ಷ ದೇಶದ ತುಂಬ ಬೊಫೋರ್ಸ್ ಮಾತು. ನವೆಂಬರ್‌ನಲ್ಲಿ ಲೋಕಸಭಾ ಚುನಾವಣೆ. ರಾಜೀವ್ ಗಾಂಧಿ ಅಧಿಕಾರ ಕಳೆದುಕೊಂಡು ವಿ.ಪಿ.ಸಿಂಗ್ ಪ್ರಧಾನಿಯಾದರು. ಪತ್ರಿಕೆಗಳ ವ್ಯಂಗ್ಯಚಿತ್ರಗಳೆಲ್ಲ ಅದರ ಮೇಲೆಯೇ. ಆದರೆ ‘ಫ್ಲಾಪ್ ಶೋ’ ನಿಂತಿದ್ದು ಬೊಫೋರ್ಸ್ ಮೇಲಲ್ಲ, ಮೆಡಿಕಲ್ ಬಿಲ್ ಮೇಲೆ.

ಕಟ್ಟಿ ಹಾಕಿದ ಕೈ, ಬಿಚ್ಚಿಕೊಂಡ ಹಾಸ್ಯ

ಇದು ಆಯ್ಕೆಯೋ, ಅನಿವಾರ್ಯವೋ? ಎರಡೂ ಎನ್ನಬಹುದು. ಆಗ ದೇಶದಲ್ಲಿದ್ದದ್ದು ಒಂದೇ ಟಿವಿ. ದೂರದರ್ಶನ ನೇರವಾಗಿ ಸರ್ಕಾರದ ಕೈಯಲ್ಲಿತ್ತು. ಪ್ರಸಾರ ಭಾರತಿ ಕಾಯ್ದೆ ಬಂದದ್ದು 1990ರಲ್ಲಿ, ಅದು ಜಾರಿಯಾಗಿದ್ದು 1997ರಲ್ಲಿ. ಸರ್ಕಾರದ ಚಾನೆಲ್‌ನಲ್ಲಿ ಕೂತು ಸರ್ಕಾರ ನಡೆಸುವವರ ಹೆಸರೆತ್ತಿ ಗೇಲಿ ಮಾಡುವ ದಾರಿ ಸಲೀಸಾಗಿರಲಿಲ್ಲ.

ಆದರೆ ಆ ಬೇಲಿಯೇ ವರವಾಯಿತು. ಮೇಲಿರುವ ಮಂತ್ರಿಯನ್ನು ಮುಟ್ಟಲಾಗದಿದ್ದಾಗ ಹಾಸ್ಯ ಕೆಳಗಿಳಿದು ಗುಮಾಸ್ತ, ಎಂಜಿನಿಯರ್, ಪ್ರೊಫೆಸರ್, ಕಡೆಗೆ ನೋಡುತ್ತ ಕೂತ ವೀಕ್ಷಕನವರೆಗೂ ಬಂತು. ಮಂತ್ರಿ ಐದು ವರ್ಷಕ್ಕೊಮ್ಮೆ ಬದಲಾಗುತ್ತಾನೆ. ಟೇಬಲ್ಲಿನ ಆಚೆ ಕೂತವನ ಚಾಳಿ ಬದಲಾಗುವುದಿಲ್ಲ. ಸುಳ್ಳು ಬಿಲ್ ಕೊಡುವ ಕಂತನ್ನು ನೋಡುವಾಗ ನಾವು ನಗುವುದು ಯಾರನ್ನೋ ನೋಡಿ ಅಲ್ಲ. ನಮ್ಮ ಮನೆಯಲ್ಲೂ ಅಂಥ ಒಂದು ಬಿಲ್ ಓಡಾಡಿರಬಹುದು ಎಂಬ ಅಳುಕಿನಿಂದ.

ಇಂಗ್ಲೆಂಡಿನಲ್ಲೂ ಇದೇ ಪಾಠ ಸಿಗುತ್ತದೆ. ಬಿಬಿಸಿಯ ‘ಯೆಸ್ ಮಿನಿಸ್ಟರ್’ 1980ರಲ್ಲಿ ಶುರುವಾದದ್ದು. ಕಥೆಯೆಲ್ಲ ಮಂತ್ರಿ ಮತ್ತು ಅಧಿಕಾರಿಯ ಜಟಾಪಟಿ. ಆದರೂ ನಾಯಕ ಜಿಮ್ ಹ್ಯಾಕರ್ ಯಾವ ಪಕ್ಷದವನೆಂದು ಧಾರಾವಾಹಿ ಹೇಳುವುದೇ ಇಲ್ಲ. ಹಾಗಾಗಿ ಮಾರ್ಗರೆಟ್ ಥ್ಯಾಚರ್ ಕಾಲ ಮುಗಿದರೂ ಅದು ಮುಗಿಯಲಿಲ್ಲ. 2001ರಲ್ಲಿ ಭಾರತಕ್ಕೂ ಬಂದು, ಫಾರೂಖ್ ಶೇಖ್ ನಟಿಸಿದ ‘ಜೀ ಮಂತ್ರೀಜಿ’ಯಾಯಿತು. ಅಲ್ಲಿಯ ಕಡತ ಇಲ್ಲಿಯ ಮೇಜಿನ ಮೇಲೂ ಸರಿಯಾಗಿಯೇ ಕೂತಿತು.

ನಮ್ಮ ಲಕ್ಷ್ಮಣ್, ನಮ್ಮ ಹಿರಣ್ಣಯ್ಯ

ಭಟ್ಟಿ ಅವರಂತೆಯೇ ವ್ಯಂಗ್ಯಚಿತ್ರದಿಂದ ಟಿವಿಗೆ ದಾಟಿದ ಇನ್ನೊಂದು ಹೆಸರು ಕನ್ನಡಿಗರಿಗೆ ತೀರಾ ಹತ್ತಿರದ್ದು. ಮೈಸೂರಿನ ಆರ್.ಕೆ.ಲಕ್ಷ್ಮಣ್. ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಅವರು ಬರೆದ ಪುಟ್ಟ ಚಿತ್ರಗಳಲ್ಲಿ ನೆಹರೂ ಅವರಿಂದ ಹಿಡಿದು ಎಲ್ಲ ನಾಯಕರೂ ಬಂದು ಹೋದರು. ಆದರೆ ಅವರ ಪಾತ್ರಗಳನ್ನು ಆಧರಿಸಿ 1988ರಲ್ಲಿ ಕುಂದನ್ ಷಾ ನಿರ್ದೇಶಿಸಿದ ‘ವಾಗ್ಲೆ ಕಿ ದುನಿಯಾ’ದಲ್ಲಿ ನಾಯಕರಿಲ್ಲ. ಇರುವುದು ಸಂಬಳ ನೆಚ್ಚಿಕೊಂಡ ಒಬ್ಬ ಗುಮಾಸ್ತ. ನೆಹರೂ ಕಾಲದ ಒಂದು ವ್ಯಂಗ್ಯಚಿತ್ರ ಅರ್ಥವಾಗಬೇಕಾದರೆ ಇಂದು ಅಡಿಟಿಪ್ಪಣಿ ಬೇಕು. ವಾಗ್ಲೆಯ ಪರದಾಟಕ್ಕೆ ಬೇಡ. ಆ ಹೆಸರು 2021ರಲ್ಲಿ ಹೊಸ ತಲೆಮಾರಿನ ಕಥೆಯೊಂದಿಗೆ ಮತ್ತೆ ಟಿವಿಗೆ ಬಂದದ್ದೂ ಅದಕ್ಕೇ.

ಹಾಗಾದರೆ ಅಂದಂದಿನ ರಾಜಕೀಯವನ್ನು ಹೆಸರು ಹಿಡಿದು ಝಾಡಿಸುವ ಹಾಸ್ಯಕ್ಕೆ ಬೆಲೆಯೇ ಇಲ್ಲವೇ? ಖಂಡಿತ ಇದೆ. ಮಾಸ್ಟರ್ ಹಿರಣ್ಣಯ್ಯ ಅವರನ್ನು ನೆನೆಯಿರಿ. ‘ಲಂಚಾವತಾರ’ ನಾಟಕ ದಶಕಗಳ ಕಾಲ, ಸಾವಿರಾರು ಪ್ರದರ್ಶನ ಕಂಡಿತು. ಅದರ ಗುಟ್ಟು, ಇಂದಿನ ಪ್ರದರ್ಶನದಲ್ಲಿ ನಿನ್ನೆಯ ಮಾತಿರುತ್ತಿರಲಿಲ್ಲ. ಬೆಳಗಿನ ಪೇಪರ್‌ನ ಸುದ್ದಿ ರಾತ್ರಿಯ ರಂಗದ ಮೇಲೆ ಡೈಲಾಗ್ ಆಗುತ್ತಿತ್ತು. ಮುಖ್ಯಮಂತ್ರಿ ಬದಲಾದರೆ ಮಾತೂ ಬದಲು. ನಾಟಕದ ಚೌಕಟ್ಟು ಮಾತ್ರ ಅದೇ, ಲಂಚದ್ದು.

ರಂಗಕ್ಕೆ ಈ ಸವಲತ್ತಿದೆ. ಟಿವಿಗೆ ಇಲ್ಲ. ಒಮ್ಮೆ ಚಿತ್ರೀಕರಿಸಿದರೆ ಮಾತು ಕಲ್ಲಿನ ಮೇಲೆ ಕೆತ್ತಿದಂತೆ. 1997ರಲ್ಲಿ ಸೋನಿ ಟಿವಿಯಲ್ಲಿ ಶುರುವಾದ ಶೇಖರ್ ಸುಮನ್ ಅವರ ‘ಮೂವರ್ಸ್ ಆ್ಯಂಡ್ ಶೇಕರ್ಸ್’ ನೆನಪಿದೆಯೇ? ಅಂದಿನ ನಾಯಕರನ್ನು ಅಣಕಿಸುತ್ತಿದ್ದ ಆ ಕಾರ್ಯಕ್ರಮಕ್ಕೆ ದೇಶ ಕಾದು ಕೂರುತ್ತಿತ್ತು. ಸರ್ಕಾರಗಳು ಒಂದರ ಹಿಂದೊಂದು ಬೀಳುತ್ತಿದ್ದ ಕಾಲವದು, ಜೋಕಿಗೆ ಬರವಿರಲಿಲ್ಲ. ಇಂದು ಅದನ್ನು ನೋಡುವ ಇಪ್ಪತ್ತರ ಹುಡುಗನಿಗೆ ಆ ಸರ್ಕಾರ ಯಾಕೆ ಬಿತ್ತು, ಯಾರು ಬೀಳಿಸಿದರು ಎಂಬುದನ್ನು ಮೊದಲು ವಿವರಿಸಬೇಕು. ವಿವರಿಸುವಷ್ಟರಲ್ಲಿ ನಗು ಆರಿರುತ್ತದೆ. ಅಂದು ಅದು ಮಾಡಿದ ಕೆಲಸ ಸುಳ್ಳಲ್ಲ. ಅದರ ಆಯಸ್ಸು ಅಷ್ಟೇ.

ದಿನದ ಜೋಕ್ ಬೀದಿಗೆ, ಬಾಳುವ ಜೋಕ್ ಟಿವಿಗೆ

ಭಟ್ಟಿ ಅವರ ಜಾಣತನ ಇರುವುದು ಇಲ್ಲಿ. ಅವರು ದಿನದ ರಾಜಕೀಯವನ್ನು ಬಿಟ್ಟವರಲ್ಲ. ಅದನ್ನು ಇಡಬೇಕಾದ ಜಾಗದಲ್ಲಿ ಇಟ್ಟರು.

ಆ ಜಾಗ ಚಂಡೀಗಢದ ಬೀದಿ. ಟಿವಿಯಲ್ಲಿ ಹೆಸರಾದ ಮೇಲೂ ‘ನಾನ್‌ಸೆನ್ಸ್ ಕ್ಲಬ್’ ನಿಲ್ಲಲಿಲ್ಲ. ಹವಾಲಾ ಹಗರಣದ ಕಾಲದಲ್ಲಿ ಅಣಕು ‘ಹವಾಲಾ ಪಾರ್ಟಿ’ ಕಟ್ಟಿದರು. 2008ರ ಆರ್ಥಿಕ ಕುಸಿತದ ಬೆನ್ನಿಗೆ 2009ರ ಲೋಕಸಭಾ ಚುನಾವಣೆ ಬಂದಾಗ ‘ರಿಸೆಷನ್ ಪಾರ್ಟಿ’ ಹುಟ್ಟಿತು. ಅದೇ ವರ್ಷ ಬೆಲೆ ಏರಿಕೆ ವಿರುದ್ಧ ಒಂದು ಮಳಿಗೆ ಹಾಕಿದರು. ಜಾತ್ರೆಯಲ್ಲಿ ಬಳೆ ಎಸೆದು ಸೋಪು, ಬಾಚಣಿಗೆ ಗೆಲ್ಲುತ್ತೇವಲ್ಲ, ಹಾಗೆ. ಇಲ್ಲಿ ಬಹುಮಾನ ತರಕಾರಿ, ಬೇಳೆ ಮತ್ತು ಅಡುಗೆ ಎಣ್ಣೆ.

ಹವಾಲಾ ಪಾರ್ಟಿ ಎಂದರೆ ಈಗ ಎಷ್ಟು ಜನರಿಗೆ ನಗು ಬರುತ್ತದೆ? ಜೈನ್ ಡೈರಿ, ಅದರಲ್ಲಿದ್ದ ಹೆಸರುಗಳು, 1996ರ ಆರೋಪಪಟ್ಟಿಗಳು, ಇಷ್ಟು ಗೊತ್ತಿದ್ದರೆ ಮಾತ್ರ ಅದು ಜೋಕ್. ಆದರೆ ಅಂದು ಆ ಬೀದಿಯಲ್ಲಿ ನಿಂತಿದ್ದವರಿಗೆ ಅದು ಬೇಕಿತ್ತು. ಅಂದೇ ಬೇಕಿತ್ತು. ತಡವಾಗಿ ಬಂದಿದ್ದರೆ ಪ್ರಯೋಜನವಿರಲಿಲ್ಲ. ಪತ್ರಿಕೆಗಳು ಫೋಟೊ ಹಾಕಿದವು, ಜನ ನಕ್ಕರು, ಅಧಿಕಾರದಲ್ಲಿದ್ದವರಿಗೆ ಮುಜುಗರವಾಯಿತು. ಅಲ್ಲಿಗೆ ಅದರ ಕೆಲಸ ಮುಗಿಯಿತು.

ತರಕಾರಿ ಮಳಿಗೆಯ ಕಥೆ ಬೇರೆ. ಟೊಮೆಟೊ, ಈರುಳ್ಳಿ ಬೆಲೆ ಏರಿದಾಗಲೆಲ್ಲ ಆ ಜೋಕ್ ಮತ್ತೆ ಜೀವ ಪಡೆಯುತ್ತದೆ. ಅದರಲ್ಲಿ ಯಾರ ಹೆಸರೂ ಇಲ್ಲ. ಇರುವುದು ಬೇಳೆಯ ಬೆಲೆ ಕೇಳಿ ಬೆಚ್ಚಿಬೀಳುವ ಮನುಷ್ಯ. ಮುಂಬೈನ ದಾದರ್ ಮಾರುಕಟ್ಟೆಯಲ್ಲೂ ಅವನಿದ್ದಾನೆ, ಹುಬ್ಬಳ್ಳಿಯ ಸಂತೆಯಲ್ಲೂ ಇದ್ದಾನೆ.

ಹಳತಾಗಿದ್ದೂ ಇದೆ

‘ಫ್ಲಾಪ್ ಶೋ’ದಲ್ಲಿ ಎಲ್ಲವೂ ಹೊಸದಾಗಿಯೇ ಉಳಿದಿದೆ ಎಂದರೆ ಅತಿಯಾದೀತು. ಟೆಲಿಫೋನ್ ಕಂತನ್ನೇ ತೆಗೆದುಕೊಳ್ಳಿ. ಅರ್ಜಿ ಹಾಕಿ ವರ್ಷಗಟ್ಟಲೆ ಕಾದು ಪಡೆದ ಸಂಪರ್ಕ, ಅದು ಕೆಟ್ಟಾಗ ಲೈನ್‌ಮನ್ ಮುಂದೆ ಕೈ ಮುಗಿದು ನಿಲ್ಲುವ ಮನೆಯೊಡೆಯ, ಇದೆಲ್ಲ 1995ರಲ್ಲಿ ಮೊಬೈಲ್ ಬಂದ ಮೇಲೆ ನಿಧಾನವಾಗಿ ಮರೆಯಾಯಿತು. ಫೋನ್‌ನಲ್ಲಿ ಡಯಲ್ ಟೋನ್ ಕೇಳಿದರೆ ಮನೆಯವರೆಲ್ಲ ಯಾಕೆ ಖುಷಿ ಪಡಬೇಕು ಎಂದು ಇಂದಿನ ಮಕ್ಕಳು ಕೇಳುತ್ತಾರೆ.

ಅಂದರೆ ಹಾಸ್ಯವನ್ನು ಹಳತು ಮಾಡುವುದು ರಾಜಕಾರಣಿಯ ಹೆಸರೊಂದೇ ಅಲ್ಲ, ವಸ್ತುವೂ ಮಾಡುತ್ತದೆ. ಆದರೂ ಆ ಕಂತು ಪೂರ್ತಿ ಸತ್ತಿಲ್ಲ. ಲೈನ್‌ಮನ್ ಹೋದ, ಕಸ್ಟಮರ್ ಕೇರ್ ಬಂತು. ಒಂದು ಒತ್ತಿ, ಎರಡು ಒತ್ತಿ ಎನ್ನುವ ದನಿಯ ಮುಂದೆ ಅದೇ ಮನೆಯೊಡೆಯ ಇವತ್ತೂ ಕಾಯುತ್ತಿದ್ದಾನೆ. ನಗು ಟೆಲಿಫೋನಿನಲ್ಲಿರಲಿಲ್ಲ, ಕೈ ಮುಗಿದು ನಿಲ್ಲುವುದರಲ್ಲಿತ್ತು.

ಖಾಸಗಿ ಚಾನೆಲ್‌ಗಳ ಕಾಲ ಬಂದ ಮೇಲೆ ಭಟ್ಟಿ ಅವರ ದಾರಿಯೂ ಬದಲಾಯಿತು. ದೂರದರ್ಶನಕ್ಕೇ ‘ಫುಲ್ ಟೆನ್ಷನ್’ ಮಾಡಿದರು. 1999ರಲ್ಲಿ ಪಂಜಾಬ್ ಪೊಲೀಸರ ಮೇಲೆ ‘ಮಾಹೌಲ್ ಠೀಕ್ ಹೈ’ ಎಂಬ ಪಂಜಾಬಿ ಚಿತ್ರ ನಿರ್ದೇಶಿಸಿದರು. ಎಲ್ಲ ಸರಿಯಾಗಿದೆ ಎಂಬರ್ಥದ ಆ ಹೆಸರೇ ಒಂದು ಕುಟುಕು. ಹಿಂದಿ ಚಿತ್ರಗಳಲ್ಲಿ ಸಣ್ಣಪುಟ್ಟ ಹಾಸ್ಯ ಪಾತ್ರ ಮಾಡಿದರು. 2006ರ ‘ಫನಾ’ದ ಜಾಲಿ ಗುಡ್ ಸಿಂಗ್ ಹಲವರಿಗೆ ನೆನಪಿರಬಹುದು. ರಿಯಾಲಿಟಿ ಶೋಗಳಲ್ಲಿ ತೀರ್ಪುಗಾರರಾದರು, ಪತ್ನಿ ಜೊತೆ ‘ನಚ್ ಬಲಿಯೇ’ ವೇದಿಕೆ ಏರಿದರು. ಮೊಹಾಲಿಯಲ್ಲಿ ‘ಮ್ಯಾಡ್ ಆರ್ಟ್ಸ್’ ಎಂಬ ಶಾಲೆ ತೆರೆದು ಹೊಸಬರಿಗೆ ಚಿತ್ರ ಮತ್ತು ಆ್ಯನಿಮೇಷನ್ ಕಲಿಸಿದರು.

ಈ ಕೆಲಸಗಳಲ್ಲಿ ಹಣ ಬಂದಿರಬಹುದು, ಪ್ರಚಾರವೂ ಸಿಕ್ಕಿರಬಹುದು. ಆದರೆ ಜನರ ಮನಸ್ಸಿನಲ್ಲಿ ಕೂತಿದ್ದು 1989ರ ಆ ಹತ್ತು ಕಂತುಗಳೇ. ದೊಡ್ಡ ಬಜೆಟ್ಟಿನ ಚಿತ್ರದಲ್ಲಿ ಬೇರೆಯವರು ಬರೆದ ಮಾತು ಹೇಳುವ ಭಟ್ಟಿ ಬೇರೆ, ತನ್ನದೇ ಊರಿನ ಕಚೇರಿಯ ಬೆಂಚಿನ ಮೇಲೆ ಕೂತ ಭಟ್ಟಿ ಬೇರೆ.

ಕೊನೆಯ ಸಿನಿಮಾ, ಕತ್ತಲ ರಸ್ತೆ

ಎಲೆಕ್ಟ್ರಿಕಲ್ ಎಂಜಿನಿಯರ್ ಕೊನೆಗೂ ತನ್ನ ವಿಷಯಕ್ಕೆ ಮರಳಿದ್ದು ಸಿನಿಮಾ ಮೂಲಕ. ಪಂಜಾಬಿನ ಲೋಡ್‌ಶೆಡ್ಡಿಂಗ್ ಬಗ್ಗೆ ಅವರು ಮಾಡಿದ ಚಿತ್ರದ ಹೆಸರು ‘ಪವರ್ ಕಟ್’. ನಾಯಕ ಮಗ ಜಸ್‌ರಾಜ್. ಬಿಡುಗಡೆಗೆ 2012ರ ಅಕ್ಟೋಬರ್ 26 ನಿಗದಿಯಾಗಿತ್ತು. ಪ್ರಚಾರಕ್ಕಾಗಿ ತಂಡ ಪಂಜಾಬಿನ ಊರೂರು ಸುತ್ತುತ್ತಿತ್ತು.

ಅಕ್ಟೋಬರ್ 25ರ ನಸುಕಿನಲ್ಲಿ ಜಲಂಧರ್ ಜಿಲ್ಲೆಯ ಶಾಹ್‌ಕೋಟ್ ಬಳಿ ಅವರ ಕಾರು ಮರಕ್ಕೆ ಡಿಕ್ಕಿ ಹೊಡೆಯಿತು. ಮಗ ಮತ್ತು ಚಿತ್ರದ ನಾಯಕಿ ಗಾಯಗೊಂಡು ಬದುಕುಳಿದರು. ಜಸ್ಪಾಲ್ ಭಟ್ಟಿ ಉಳಿಯಲಿಲ್ಲ. ಅವರಿಗೆ ಆಗ 57 ವರ್ಷ. ಮರುದಿನ ‘ಪವರ್ ಕಟ್’ ತೆರೆಗೆ ಬಂತು. ನಗಲೆಂದು ಮಾಡಿದ ಚಿತ್ರವನ್ನು ಜನ ಕಣ್ಣೊರೆಸಿಕೊಂಡು ನೋಡಬೇಕಾಯಿತು. 2013ರಲ್ಲಿ ಕೇಂದ್ರ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮಭೂಷಣ ನೀಡಿತು. ಜೀವನವಿಡೀ ಸರ್ಕಾರಿ ಕಚೇರಿಯನ್ನು ಗೇಲಿ ಮಾಡಿದವರಿಗೆ ಸರ್ಕಾರವೇ ಕೊಟ್ಟ ಗೌರವ ಅದು.

ಇಂದು ರಾಜಕೀಯ ಹಾಸ್ಯಕ್ಕೆ ಬರವಿಲ್ಲ. ಬೆಳಗ್ಗೆ ನಾಯಕರೊಬ್ಬರು ಬಾಯಿತಪ್ಪಿ ಆಡಿದ ಮಾತು ಮಧ್ಯಾಹ್ನಕ್ಕೆ ಮೀಮ್, ಸಂಜೆಗೆ ರೀಲ್ಸ್, ಮರುದಿನಕ್ಕೆ ಮಂಗಮಾಯ. ಹಾಸ್ಯಗಾರರ ಮೇಲೆ ದೂರು, ಕೇಸುಗಳೂ ಬೀಳುತ್ತಿರುವ ಕಾಲವಿದು. ಹೆಸರು ಹಿಡಿದು ನಗುವವರಿಗೆ ಧೈರ್ಯ ಬೇಕು, ಅವರ ಅಗತ್ಯವೂ ಇದೆ. ಆದರೆ ಮುಂದಿನ ತಲೆಮಾರು ನಮ್ಮ ಕಾಲವನ್ನು ತಿಳಿಯಲು ಹುಡುಕುವುದು ಬಹುಶಃ ಆ ಹೆಸರುಗಳನ್ನಲ್ಲ, ನಾವು ಹೇಗೆ ಬದುಕಿದೆವು ಎಂಬುದನ್ನು.

ಆ ಲೆಕ್ಕದಲ್ಲಿ ‘ಫ್ಲಾಪ್ ಶೋ’ದ ಬಾಳಿಕೆಯನ್ನು ಭಟ್ಟಿ ಅವರ ಗೆಲುವು ಎನ್ನಬಹುದು. ನಮ್ಮ ಗೆಲುವು ಅಂತೂ ಅಲ್ಲ. ಟೆಲಿಫೋನ್ ಸಮಸ್ಯೆ ಬಗೆಹರಿದ ಕೂಡಲೇ ಆ ಕಂತು ಅರ್ಧ ಹಳತಾಯಿತು. ಸುಳ್ಳು ಬಿಲ್, ಕಳಪೆ ಸಿಮೆಂಟ್, ಗೈಡ್ ಮನೆಯ ಗ್ಯಾಸ್ ಸಿಲಿಂಡರ್ ಹೊರುವ ಸಂಶೋಧನಾ ವಿದ್ಯಾರ್ಥಿಯ ಕಂತುಗಳು ಹಾಗೆ ಹಳತಾಗಲು ಇನ್ನೂ ಕಾಯುತ್ತಿವೆ.